ಜಲ್ಲಿ ಮೇಲೆ ಪೈರು

ಅಪ್ಪ ಊರಿಂದ ಬಂದರೆ ಮೊದಲು ಕಾಲು ತೊಳೆಯುತ್ತಾರೆ, ಆಮೇಲೆ ಒಂದು ಚೊಂಬು ನೀರು ಕುಡಿಯುತ್ತಾರೆ, ಆಮೇಲೆ ಮನೆಯಲ್ಲಿ ಹೊಸದೇನು ಬಂದಿದೆ ಅಂತ ಒಂದು ಸುತ್ತು ಹಾಕುತ್ತಾರೆ. ಆ ಸಲ ಹಾಲ್‌ನ ಮೂಲೆಯಲ್ಲಿದ್ದ ಗಾಜಿನ ತೊಟ್ಟಿಯ ಮುಂದೆ ನಿಂತುಬಿಟ್ಟರು. ಮಂಡಿಗೆ ಕೈ ಕೊಟ್ಟು ಬಗ್ಗಿದರು. ಮೀನು ನೋಡುತ್ತಿದ್ದಾರೆ ಅಂದುಕೊಂಡೆ. ಅವರ ಕಣ್ಣು ತೊಟ್ಟಿಯ ತಳದ ಮೇಲಿತ್ತು.

"ಏನಪ್ಪಾ ಇದು, ಜಲ್ಲಿ ಮೇಲೆ ಪೈರು ಹಾಕಿದ್ದೀಯಲ್ಲ?" ಅಂದರು.

ತೊಟ್ಟಿ ಇಟ್ಟು ಆಗ ಮೂರು ತಿಂಗಳಾಗಿತ್ತು. 2 ಅಡಿ ಉದ್ದ, 1 ಅಡಿ ಅಗಲ, 15 ಇಂಚು ಎತ್ತರ. ತುಂಬಿದರೆ ಸುಮಾರು 70 ಲೀಟರ್ ನೀರು ಹಿಡಿಯುತ್ತದೆ. ತಳಕ್ಕೆ ಬೆಳ್ಳಗೆ ಹೊಳೆಯುವ ಕಲ್ಲಿನ ಚೂರು ಹಾಸಿದ್ದೆ. ಮೇಲೆ ಕಣ್ಣು ಕುಕ್ಕುವ ಎಲ್‌ಇಡಿ ಲೈಟು. ನಡುವೆ ರೊಟಾಲಾ ಅನ್ನೋ ನೀರುಗಿಡದ ಒಂದಿಷ್ಟು ಕಡ್ಡಿಗಳು. ಅವುಗಳ ಹೊಸ ಎಲೆಗಳು ಹಳದಿ ತಿರುಗಿದ್ದವು, ನರಗಳು ಮಾತ್ರ ಹಸಿರಾಗಿದ್ದವು. ಹಳೆಯ ಎಲೆಗಳ ಮೇಲೆ ಕೂದಲೆಳೆಯಂಥ ಪಾಚಿ. ಗಿಡ ಸೊರಗಿದೆ ಅಂದರೆ ಬೆಳಕು ಸಾಲದು ಅಂತ ನಾನು ಲೈಟನ್ನು ದಿನಕ್ಕೆ 8 ಗಂಟೆಯಿಂದ 10 ಗಂಟೆಗೆ ಏರಿಸಿದ್ದೆ. ಎರಡೇ ವಾರದಲ್ಲಿ ಪಾಚಿ ಗಾಜಿಗೂ ಹಬ್ಬಿತು.

ಆ ಸಂಜೆ ಅಪ್ಪ ಹೇಳಿದ್ದು ಇಷ್ಟೇ. ಬಿಸಿಲು ಎಷ್ಟು ಜಾಸ್ತಿಯೋ ಪೈರಿಗೆ ಅಷ್ಟು ಹಸಿವು. ತಳದಲ್ಲಿ ಏನೂ ಇಲ್ಲದೆ ಬಿಸಿಲು ಕೊಟ್ಟರೆ ಪೈರು ಒಣಗುತ್ತೆ, ಕಳೆ ಬೆಳೆಯುತ್ತೆ. ಅವರು ಮಾಗಡಿ ಕಡೆಯ ರಾಗಿ ಹೊಲದ ಮಾತು ಆಡುತ್ತಿದ್ದರು. ನನ್ನ ಗಾಜಿನ ತೊಟ್ಟಿಯಲ್ಲೂ ನಡೆದಿದ್ದು ಅದೇ. ಕಳೆಯ ಜಾಗದಲ್ಲಿ ಪಾಚಿ ಇತ್ತು, ಅಷ್ಟೇ ವ್ಯತ್ಯಾಸ.

ನೀರಿನೊಳಗೆ ಗಿಡ ಬೆಳೆಸುವ ಈ ಹವ್ಯಾಸಕ್ಕೆ ಬರುವವರೆಲ್ಲ ಮೊದಲು ಕೇಳುವುದು "ಯಾವ ಲೈಟು ತಗೊಳ್ಳಲಿ" ಅಂತ. ನಾನೂ ಹಾಗೇ ಕೇಳಿದ್ದೆ. ಈಗ ಯಾರಾದರೂ ಕೇಳಿದರೆ, ನಿಮ್ಮ ಮನೆ ನಲ್ಲಿಯಲ್ಲಿ ಯಾವ ನೀರು ಬರುತ್ತೆ ಅಂತ ಮೊದಲು ಕೇಳುತ್ತೇನೆ. ಆಮೇಲೆ ಮಣ್ಣಿನ ಮಾತು. ಲೈಟಿನ ಮಾತು ಕೊನೆಗೆ.

ಬೆಂಗಳೂರಿನಲ್ಲಿ ನೀರಿನ ಪ್ರಶ್ನೆ ಸಣ್ಣದಲ್ಲ. ಪಕ್ಕಪಕ್ಕದ ಎರಡು ಬೀದಿಯಲ್ಲಿ ಎರಡು ಥರದ ನೀರು ಇರುತ್ತೆ. ಒಂದು ಕಡೆ ಕಾವೇರಿ, ಇನ್ನೊಂದು ಕಡೆ ಬೋರ್‌ವೆಲ್. ಎಷ್ಟೋ ಅಪಾರ್ಟ್‌ಮೆಂಟ್‌ಗಳ ಸಂಪಿನಲ್ಲಿ ಎರಡೂ ಸೇರಿರುತ್ತವೆ, ಬೇಸಿಗೆಯಲ್ಲಿ ಟ್ಯಾಂಕರ್ ನೀರೂ ಸೇರಿಕೊಳ್ಳುತ್ತೆ. ನಮ್ಮದೂ ಅಂಥದ್ದೇ. ನಾನು ಟಿಡಿಎಸ್ ಮೀಟರ್ ತಂದು ನೋಡಿದೆ. ಕಾವೇರಿ ಬಿಟ್ಟ ದಿನ ನೇರ ನಲ್ಲಿಯಲ್ಲಿ ಹಿಡಿದ ನೀರು 200ರ ಆಸುಪಾಸು. ಬೋರ್‌ವೆಲ್ ನೀರು 900 ದಾಟಿತು. ಈ ಮೀಟರ್ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳನ್ನೂ ಒಟ್ಟಾಗಿ ತೋರಿಸುತ್ತೆ, ಗಡಸುತನವನ್ನು ಬೇರೆ ಮಾಡಿ ಹೇಳೋದಿಲ್ಲ. ಆದರೆ ಗಡಸು ಗುರುತಿಸೋಕೆ ನಮ್ಮ ಅಮ್ಮನಿಗೆ ಮೀಟರ್ ಬೇಕಿಲ್ಲ. "ಈ ನೀರಲ್ಲಿ ಬೇಳೆ ಬೇಯಲ್ಲ" ಅಂದರೆ ಮುಗಿಯಿತು. ಗೀಸರ್ ಕಾಯಿಲ್‌ಗೆ ಬಿಳಿ ಚಕ್ಕೆ ಕಟ್ಟಿದ್ದರೆ, ಸ್ಟೀಲ್ ನಲ್ಲಿಯ ಮೇಲೆ ಉಜ್ಜಿದರೂ ಹೋಗದ ಕಲೆ ಇದ್ದರೆ, ನಿಮ್ಮ ತೊಟ್ಟಿಗೂ ಅದೇ ನೀರು ಹೋಗುತ್ತಿದೆ ಅಂತ ತಿಳಿದುಕೊಳ್ಳಿ.

ಗಡಸು ನೀರು ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಅಂಥ ನೀರಲ್ಲೇ ಹುಲುಸಾಗಿ ಬೆಳೆಯುತ್ತವೆ. ನೀರಲ್ಲಿ ಕರಗಿದ ಬೈಕಾರ್ಬನೇಟ್‌ನಿಂದಲೇ ಕಾರ್ಬನ್ ಹೀರಿಕೊಳ್ಳುವ ಶಕ್ತಿ ಅವಕ್ಕಿದೆ. ಅಪ್ಪ ಹೈಡ್ರಿಲ್ಲಾ ನೋಡಿದ ಕೂಡಲೇ "ಇದು ನಮ್ಮ ಕೆರೆಲಿ ಇರೋದೇ ಅಲ್ವಾ?" ಅಂದಿದ್ದರು. ಹೌದು, ಅದೇ. ರೊಟಾಲಾದಂಥ ಗಿಡಗಳಿಗೆ ಮಾತ್ರ ಈ ನೀರು ಕಷ್ಟ. ನೀರಿನ ಪಿಹೆಚ್, ಅಂದರೆ ಹುಳಿ-ಕ್ಷಾರದ ಅಳತೆ, ಮೇಲೇರಿದಾಗ ಕಬ್ಬಿಣದ ಅಂಶ ಗಿಡಕ್ಕೆ ಸಿಗದ ರೂಪಕ್ಕೆ ತಿರುಗುತ್ತದೆ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆಯ ಗುರುತು. ನನ್ನ ತೊಟ್ಟಿಯಲ್ಲಿ ಮೂರು ತಿಂಗಳಿಂದ ಅದೇ ಕಾಣುತ್ತಿತ್ತು. ನಾನು ಅದನ್ನು ಬೆಳಕಿನ ಕೊರತೆ ಅಂತ ಓದಿಕೊಂಡಿದ್ದೆ.

ನೀರಿನ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಆ ಬಿಳಿ ಕಲ್ಲು. ಅಪ್ಪ ಊರಿಗೆ ಹೋದ ಮೇಲೆ ಒಂದು ಭಾನುವಾರ ನಾಲ್ಕು ಚೂರು ಎತ್ತಿ, ಒಣಗಿಸಿ, ಸ್ಟೀಲ್ ತಟ್ಟೆಯಲ್ಲಿಟ್ಟು ಮೇಲೆ ವಿನಿಗರ್ ಹನಿಸಿದೆ. ಪಕ್ಕದಲ್ಲಿ ಮಗಳು ಕೂತಿದ್ದಳು. "ಅಪ್ಪಾ, ಸೋಡಾ ಥರ ಬರ್ತಿದೆ" ಅಂದಳು. ಸಣ್ಣ ಸಣ್ಣ ಗುಳ್ಳೆ, ಕಿವಿ ಹತ್ತಿರ ಹಿಡಿದರೆ ಸುಯ್ ಅನ್ನೋ ಸದ್ದು. ಅಂದರೆ ಅದು ಅಮೃತಶಿಲೆಯ ಚೂರು, ಸುಣ್ಣದ ಅಂಶದ ಕಲ್ಲು. ಮೊದಲೇ ಗಡಸಾಗಿದ್ದ ನೀರಿನಲ್ಲಿ ಅದನ್ನೂ ಹಾಸಿ, ಬರೋ ಚೂರುಪಾರು ಮೆದು ನೀರಿನ ಲಾಭವನ್ನೂ ಕಳೆದುಕೊಂಡಿದ್ದೆ. ತಳಕ್ಕೆ ಏನು ಹಾಕುವುದಿದ್ದರೂ ಒಂದು ಚಮಚ ವಿನಿಗರ್ ಖರ್ಚು ಮಾಡಿ. ಗುಳ್ಳೆ ಬಂದರೆ ಗಿಡದ ತೊಟ್ಟಿಗೆ ಅದು ಬೇಡ.

ಈಗ ಮಣ್ಣಿಗೆ ಬರುತ್ತೇನೆ.

ಅಂಗಡಿಗಳಲ್ಲಿ ಆಕ್ವಾ ಸಾಯಿಲ್ ಅಂತ ಮಾರುತ್ತಾರೆ. ಮಣ್ಣನ್ನು ಕಾಳು ಕಟ್ಟಿ, ಹದವಾಗಿ ಸುಟ್ಟು ಮಾಡಿದ ಕಪ್ಪು ಕಂದು ಗುಳಿಗೆಗಳು. ಈ ದಾರಿಯನ್ನು ಜಗತ್ತಿಗೆ ತೋರಿಸಿದವರಲ್ಲಿ ಜಪಾನಿನ ತಕಾಶಿ ಅಮಾನೋ ದೊಡ್ಡ ಹೆಸರು. 1954ರಲ್ಲಿ ಹುಟ್ಟಿದವರು, ಕಾಡು ಬೆಟ್ಟಗಳ ಫೋಟೋ ತೆಗೆಯುತ್ತಿದ್ದವರು. 1982ರಲ್ಲಿ ತಮ್ಮ ಕಂಪನಿ ಶುರು ಮಾಡಿದರು. 2015ರಲ್ಲಿ ತೀರಿಕೊಳ್ಳುವ ಮುಂಚೆ ಲಿಸ್ಬನ್‌ನಲ್ಲಿ 40 ಮೀಟರ್ ಉದ್ದದ, 1,60,000 ಲೀಟರ್ ನೀರಿನ ತೊಟ್ಟಿಯೊಂದನ್ನು ಕಟ್ಟಿ ಹೋದರು. ಅದರ ಚಿತ್ರ ನೋಡಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತೆ. ಅವರ ಕ್ರಮದಲ್ಲಿ ಮಣ್ಣು, ಬೆಳಕು, ಕಾರ್ಬನ್ ಡೈಆಕ್ಸೈಡ್ ಮೂರೂ ಒಟ್ಟಿಗೆ ಏರುತ್ತವೆ. ಬೆಳಕು ಜೋರು, ಅದಕ್ಕೆ ತಕ್ಕ ಹಾಗೆ ಸಿಲಿಂಡರ್‌ನಿಂದ ಗ್ಯಾಸು, ಅದಕ್ಕೆ ತಕ್ಕ ಹಾಗೆ ಗೊಬ್ಬರ ತುಂಬಿದ ಮಣ್ಣು. ಚಿತ್ರ ನೋಡಿದ ನಾವು ಅದರಲ್ಲಿ ಕಣ್ಣಿಗೆ ಹೊಡೆಯುವ ಲೈಟನ್ನು ಮಾತ್ರ ತಗೊಂಡು ಬರುತ್ತೇವೆ.

ಆಕ್ವಾ ಸಾಯಿಲ್ ಒಳ್ಳೆಯ ಮಾಲು. ಅನುಮಾನವೇ ಬೇಡ. ನೀರಿನ ಪಿಹೆಚ್ ಇಳಿಸುತ್ತೆ, ಕಾರ್ಬನೇಟ್ ಗಡಸನ್ನು ಹೀರುತ್ತೆ, ಬೇರಿಗೆ ಬೇಕಾದ್ದನ್ನು ಹಿಡಿದಿಟ್ಟುಕೊಂಡು ಕೊಡುತ್ತೆ. ಆದರೆ ಹೀರುವ ಶಕ್ತಿಗೆ ಒಂದು ಮಿತಿ ಇದೆ. ಮೆದು ನೀರಲ್ಲಿ ಅದು ಬಹಳ ಕಾಲ ಬರುತ್ತೆ. 900 ತೋರಿಸುವ ಬೋರ್‌ವೆಲ್ ನೀರನ್ನು ವಾರ ವಾರ ಸುರಿದರೆ ಬೇಗ ದಣಿಯುತ್ತೆ. ಆಮೇಲೂ ಅದು ಬೇರಿಗೆ ನೆಲವಾಗಿ ಇರುತ್ತೆ, ನೀರನ್ನು ಮೆದು ಮಾಡೋದು ಮಾತ್ರ ನಿಲ್ಲುತ್ತೆ. ಅಷ್ಟು ದುಡ್ಡು ಕೊಟ್ಟು ತಂದದ್ದು ಅಷ್ಟಕ್ಕೇ ಅಂದರೆ ನನ್ನ ಮನಸ್ಸು ಒಪ್ಪಲಿಲ್ಲ. ನಿಮ್ಮ ಮನೆಗೆ ಬರೀ ಕಾವೇರಿ ನೀರು ಬರುತ್ತೆ, ಇಲ್ಲಾ ಆರ್‌ಒ ನೀರು ಬೆರೆಸುತ್ತೀರಿ ಅಂದರೆ ಲೆಕ್ಕ ಬೇರೆ. ಆಗ ತಗೊಳ್ಳಿ. ಮೊದಲ ವಾರಗಳಲ್ಲಿ ಅದು ಅಮೋನಿಯಾ ಬಿಡುತ್ತೆ, ಹಾಗಾಗಿ ಮೀನು ಬಿಡೋಕೆ ಆತುರ ಮಾಡಬೇಡಿ, ಅಷ್ಟೇ.

ಇನ್ನೊಂದು ದಾರಿ ಅಮೆರಿಕದ ಡಯಾನಾ ವಾಲ್‌ಸ್ಟಡ್ ಅವರದ್ದು. ತೋಟದ ಮಣ್ಣನ್ನು ಸುಮಾರು ಒಂದು ಇಂಚು ಹಾಸಿ, ಮೇಲೆ ಒಂದು ಇಂಚು ಮರಳು ಇಲ್ಲಾ ಸಣ್ಣ ಕಲ್ಲು ಮುಚ್ಚುವುದು. ಸಿಲಿಂಡರ್ ಬೇಡ. ಮಣ್ಣಿನಲ್ಲಿರುವ ಎಲೆ, ಬೇರು ಕೊಳೆತು ಬರುವ ಕಾರ್ಬನ್ ಡೈಆಕ್ಸೈಡ್ ಗಿಡಕ್ಕೆ ಸಿಗುತ್ತೆ. ಇದನ್ನು ಓದಿದಾಗ ನನಗೆ ಅಪ್ಪನೇ ಮಾತಾಡಿದ ಹಾಗೆ ಅನ್ನಿಸಿತು. ಫೋನ್ ಮಾಡಿ ಹೇಳಿದೆ. "ಹಂಗಾದ್ರೆ ಕೆರೆ ಗೋಡು ಹಾಕು" ಅಂದರು.

ಗೋಡು ಅಂದರೆ ಕೆರೆಯ ತಳದ ಹೂಳುಮಣ್ಣು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿಗಟ್ಟಲೆ ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಕೆರೆಯ ಹೂಳೂ ತೆಗೆದ ಹಾಗಾಯಿತು, ಹೊಲಕ್ಕೆ ಗೊಬ್ಬರವೂ ಆಯಿತು. ನೀರಿನಡಿ ಗಿಡ ಬೆಳೆಸಿಯೇ ಬಂದ ಮಣ್ಣು ಅದು. ಆದರೆ ಬೆಂಗಳೂರಿನ ಕೆರೆಗಳಿಂದ ಅದನ್ನು ತರಬೇಡಿ ಅಂತ ಕೈ ಮುಗಿದು ಕೇಳಿಕೊಳ್ಳುತ್ತೇನೆ. ವರ್ಷಗಟ್ಟಲೆ ಚರಂಡಿ ನೀರು ಹರಿದ ಕೆರೆಗಳ ತಳದಲ್ಲಿ ಏನೇನು ಕೂತಿರುತ್ತೆ ಅಂತ ಕಣ್ಣಿಗೆ ಕಾಣೋದಿಲ್ಲ. ಅಪ್ಪನಿಗೂ ಅದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಬದುವಿನ ಮಣ್ಣು ಕಳಿಸ್ತೀನಿ ಬಿಡು" ಅಂದರು.

ಬಂತು. ಹಳೆಯ ಸಿಮೆಂಟ್ ಚೀಲದಲ್ಲಿ ಅರ್ಧ ಚೀಲ ಕೆಮ್ಮಣ್ಣು. ಹೊಲದ ಬದುವಿನಲ್ಲಿ ಹೊಂಗೆ ಮರದ ಕೆಳಗಿನದು. ಅಲ್ಲಿಗೆ ಯಾವತ್ತೂ ಯೂರಿಯಾ ಬಿದ್ದಿಲ್ಲ ಅನ್ನುವುದು ಅಪ್ಪನ ಗ್ಯಾರಂಟಿ.

ಮಣ್ಣನ್ನು ಸುಮ್ನೆ ನಂಬಬಾರದು ಅಂತ ಒಂದು ಜಾಮ್ ಬಾಟಲಿ ಪರೀಕ್ಷೆ ಮಾಡಿದೆ. ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು. ಮುಚ್ಚಳ ಬಿಗಿ ಮಾಡಿ ಎರಡು ನಿಮಿಷ ಕುಲುಕಿ ಅಡುಗೆಮನೆ ಕಿಟಕಿಯಲ್ಲಿಟ್ಟೆ. ಮೊದಲ ನಿಮಿಷದಲ್ಲೇ ಮರಳು ಕೂತಿತು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ನಯವಾದ ಹಿಟ್ಟಿನಂಥ ಪದರ. ಜೇಡಿ ಮಾತ್ರ ನೀರಲ್ಲೇ ತೇಲುತ್ತಿತ್ತು, ಟೀ ಬಣ್ಣಕ್ಕೆ. ಮಾರನೇ ದಿನವೂ ಪೂರ್ತಿ ತಿಳಿಯಾಗಲಿಲ್ಲ. ಮೇಲೆ ಒಂದಿಷ್ಟು ಹೊಂಗೆ ಎಲೆಯ ಪುಡಿ, ಬೇರಿನ ಚೂರು. ಬಾಟಲಿಯನ್ನು ಬೆಳಕಿಗೆ ಹಿಡಿದರೆ ಪದರ ಪದರವಾಗಿ ಒಂದು ಹೊಲ ನಿಂತ ಹಾಗಿತ್ತು. ಜೇಡಿ ಇದ್ದರೇನೇ ಒಳ್ಳೆಯದು, ಪೋಷಕಾಂಶ ಹಿಡಿದಿಟ್ಟುಕೊಳ್ಳೋದು ಅದೇ. ಆದರೆ ಅದು ನೀರಿಗೆ ಎದ್ದರೆ ತೊಟ್ಟಿ ರಾಡಿಯಾಗುತ್ತೆ. ಹಾಗಾಗಿ ಮೇಲಿನ ಮುಚ್ಚಿಗೆ ಮುಖ್ಯ.

ಟೆರೇಸಿನ ಮೇಲೆ ಟಾರ್ಪಾಲ್ ಹಾಸಿ ಮಣ್ಣನ್ನು ಜರಡಿ ಹಿಡಿದೆ. ನೀರು ಹಾಕಿ ಕಲಸಿ ಬಿಸಿಲಿಗೆ ಒಣಗಿಸಿದೆ. ಮತ್ತೆ ನೆನೆಸಿದೆ, ಮತ್ತೆ ಒಣಗಿಸಿದೆ. ನಾಲ್ಕು ಸಲ. ಹೀಗೆ ಮಾಡಿದರೆ ಕೊಳೆಯಬೇಕಾದ್ದು ಹೊರಗೇ ಬಹುಪಾಲು ಕೊಳೆತು ಹೋಗುತ್ತೆ, ತೊಟ್ಟಿಯೊಳಗೆ ಅಮೋನಿಯಾ ಕಡಿಮೆಯಾಗುತ್ತೆ. ಎರೆಗೊಬ್ಬರ ಬೆರೆಸಿ ಅಂತ ಒಬ್ಬರು ಹೇಳಿದ್ದರು. ನಾನು 5 ಲೀಟರ್ ಮಣ್ಣಿಗೆ ಎರಡು ಹಿಡಿ ಮಾತ್ರ ಹಾಕಿದೆ. ಜಾಸ್ತಿ ಹಾಕಿದರೆ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತು, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬರುತ್ತೆ. ಬೇರಿಗೂ ಮೀನಿಗೂ ಅದು ವಿಷ.

ಮುಚ್ಚಿಗೆಗೆ ಮರಳು ಹುಡುಕಿದ್ದೇ ಒಂದು ಕಥೆ. ಕಟ್ಟಡದ ಕೆಲಸ ನಡೆಯುವ ಕಡೆಯೆಲ್ಲ ಈಗ ಎಂ-ಸ್ಯಾಂಡ್. ಕಲ್ಲು ಪುಡಿ ಮಾಡಿ ತೆಗೆದದ್ದು, ಅಂಚು ಚೂಪು, ದೂಳು ಜಾಸ್ತಿ. ತಳದಲ್ಲಿ ಮೂತಿ ಉಜ್ಜಿಕೊಂಡು ಓಡಾಡುವ ಮೀನಿಗೆ ಅದು ಆಗೋದಿಲ್ಲ. ನೀರಿನ ಫಿಲ್ಟರ್‌ಗಳಿಗೆ ತುಂಬುವ ಸಿಲಿಕಾ ಮರಳು ಕೊನೆಗೆ ಸಿಕ್ಕಿತು. ಕಾಳಿನ ಗಾತ್ರ ಒಂದರಿಂದ ಎರಡು ಮಿಲಿಮೀಟರ್. ವಿನಿಗರ್ ಹಾಕಿದೆ, ಸುಮ್ಮನೆ ಕೂತಿತ್ತು. ಹನ್ನೆರಡು ಸಲ ತೊಳೆದ ಮೇಲೆ ನೀರು ತಿಳಿಯಾಯಿತು.

ಹಾಸಿದ್ದು ಹೀಗೆ. ಅಡಿಯಲ್ಲಿ ಒಂದು ಇಂಚು ಕೆಮ್ಮಣ್ಣು, ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿದ್ದು. ಈ ಅಳತೆಯ ತೊಟ್ಟಿಗೆ ಅದು ಸುಮಾರು 5 ಲೀಟರ್ ಆಗುತ್ತೆ. ಮುಂದಿನ ಗಾಜಿಗೆ ಎರಡು ಬೆರಳು ಜಾಗ ಬಿಟ್ಟು ಹಾಸಬೇಕು, ಅಲ್ಲಿ ಬರೀ ಮರಳು ಕಾಣೋ ಹಾಗೆ. ಒಂದು ಪಕ್ಕದ ಗಾಜಿಗೆ ಮಾತ್ರ ಮಣ್ಣು ತಾಗುವ ಹಾಗೆ ಬಿಟ್ಟೆ, ಒಳಗೆ ಏನಾಗುತ್ತೆ ನೋಡೋಣ ಅಂತ. ಮೇಲೆ ಮರಳು, ಮುಂದೆ ಒಂದು ಇಂಚು, ಹಿಂದೆ ಎರಡು. ನೀರು ಹಾಕುವಾಗ ಮರಳಿನ ಮೇಲೆ ಒಂದು ತಟ್ಟೆ ಇಟ್ಟು, ತಟ್ಟೆಯ ಮೇಲೆ ನಿಧಾನವಾಗಿ ಬಿಟ್ಟೆ. ಕಾವೇರಿ ಬಂದ ದಿನ ಹಿಡಿದು, ಕ್ಲೋರಿನ್ ಹೋಗಲಿ ಅಂತ ಒಂದು ದಿನ ಬಕೆಟ್‌ಗಳಲ್ಲಿ ಇಟ್ಟಿದ್ದ ನೀರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದಾರಿ ಸವೆಸಿ, ಸುಮಾರು 500 ಮೀಟರ್ ಎತ್ತರ ಹತ್ತಿ ಬರುತ್ತೆ. 2024ರ ಬೇಸಿಗೆಯಲ್ಲಿ ಕೊಡ ಹಿಡಿದು ನಿಂತವರನ್ನು ನಾವೆಲ್ಲ ನೋಡಿದ್ದೇವೆ. ಹಾಗಾಗಿ ವಾರಕ್ಕೆ ಒಂದೇ ಬಕೆಟ್ ಬದಲಾಯಿಸುತ್ತೇನೆ. ತೆಗೆದ ನೀರು ಕರಿಬೇವಿಗೆ, ದಾಸವಾಳಕ್ಕೆ. ಮೀನಿನ ಗೊಬ್ಬರ ಸೇರಿದ ಆ ನೀರಿಗೆ ಕರಿಬೇವು ಹೇಗೆ ಚಿಗುರುತ್ತೆ ಅಂತ ನೋಡಬೇಕು ನೀವು.

ಇನ್ನು ಲೈಟು.

ನಮ್ಮ ಕಣ್ಣು ಇಲ್ಲಿ ಮೋಸ ಹೋಗುತ್ತೆ. ಡಬ್ಬದ ಮೇಲೆ ಬರೆಯುವ ಲ್ಯೂಮೆನ್ ಅನ್ನೋದು ಮನುಷ್ಯನ ಕಣ್ಣಿನ ಲೆಕ್ಕ. ನಮ್ಮ ಕಣ್ಣಿಗೆ ಹಸಿರು ಬೆಳಕು, ಅಂದರೆ 555 ನ್ಯಾನೋಮೀಟರ್ ಆಸುಪಾಸಿನದು, ಎಲ್ಲಕ್ಕಿಂತ ಪ್ರಖರವಾಗಿ ಕಾಣುತ್ತೆ. ಗಿಡ 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕನ್ನು ತಿನ್ನುತ್ತೆ, ಅದರಲ್ಲೂ ನೀಲಿ ಮತ್ತು ಕೆಂಪನ್ನು ಚೆನ್ನಾಗಿ ಹೀರುತ್ತೆ. ಆ ಲೆಕ್ಕಕ್ಕೆ ಪಾರ್ ಅನ್ನುತ್ತಾರೆ. ನಡುಮಧ್ಯಾಹ್ನದ ಬಿಸಿಲು ಸುಮಾರು 2,000 ಪಾರ್. ಅನುಬಿಯಾಸ್, ಜಾವಾ ಫರ್ನ್, ಕ್ರಿಪ್ಟೋಕೋರಿನ್ ಥರದ ನೀರುಗಿಡಗಳಿಗೆ ತಳದಲ್ಲಿ 15ರಿಂದ 30 ಸಿಕ್ಕರೆ ಸಾಕು. 50 ದಾಟಿದರೆ ಸಿಲಿಂಡರ್ ಇಲ್ಲದ ತೊಟ್ಟಿ ತಾಳಿಕೊಳ್ಳೋದು ಕಷ್ಟ.

ಯಾಕೆ ಕಷ್ಟ ಅಂದರೆ, ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಬೆಳಕು ಜೋರಾದ ಕೂಡಲೇ ಎಲೆ ತನ್ನ ಸುತ್ತಲಿನ ಗ್ಯಾಸನ್ನೆಲ್ಲ ಹೀರಿಬಿಡುತ್ತೆ. ಮುಂದಿನ ತುತ್ತು ಅಲ್ಲಿಗೆ ಬರೋಕೆ ಹೊತ್ತಾಗುತ್ತೆ. ಬೆಳಕು ಮಾತ್ರ ಬೀಳುತ್ತಲೇ ಇರುತ್ತೆ. ಗಿಡಕ್ಕೆ ಉಪಯೋಗಿಸೋಕೆ ಆಗದ ಆ ಬೆಳಕು ಪಾಚಿಯ ಪಾಲು.

ಪಾರ್ ಮೀಟರ್ ದುಬಾರಿ. ನಾನು ಮಾಡಿದ್ದು ಫೋನಿನಲ್ಲಿ ಲಕ್ಸ್ ಅಳೆಯುವ ಆಪ್ ಹಾಕಿಕೊಂಡದ್ದು. ನೀರು ತುಂಬುವ ಮೊದಲು ಖಾಲಿ ತೊಟ್ಟಿಯ ತಳದಲ್ಲಿ ಫೋನನ್ನು ಅಂಗಾತ ಇಟ್ಟು ನೋಡಬೇಕು. ಬಿಳಿ ಎಲ್‌ಇಡಿಗೆ ಸುಮಾರು 70 ಲಕ್ಸ್‌ಗೆ ಒಂದು ಪಾರ್ ಅಂತ ಹಿಡಿಯಬಹುದು. ಕರಾರುವಾಕ್ಕಾದ ಲೆಕ್ಕ ಅಲ್ಲ, ಆದರೆ ದಾರಿ ತೋರಿಸುತ್ತೆ. ನನ್ನ ಹಳೆಯ ಲೈಟು ಗಾಜಿನ ಅಂಚಿನ ಮೇಲೆ ಕೂತಾಗ 6,300 ಲಕ್ಸ್ ತೋರಿಸಿತು. ಅಂದರೆ 90 ಪಾರ್! ಬೆಳಕು ಸಾಲದು ಅಂತ ನಾನು ಗಂಟೆ ಏರಿಸಿದ್ದು ಇದೇ ಲೈಟಿಗೆ.

ಹೊಸ ಲೈಟು ಕೊಳ್ಳಲಿಲ್ಲ. ಅದೇ ಲೈಟನ್ನು ಗೋಡೆಗೆ ಒಂದು ಕಬ್ಬಿಣದ ತೋಳು ಹಾಕಿಸಿ, ತೊಟ್ಟಿಯ ಅಂಚಿನಿಂದ 8 ಇಂಚು ಮೇಲೆ ತೂಗುಬಿಟ್ಟೆ. ಎಸ್‌ಪಿ ರೋಡಿಗೆ ಹೋಗಿ ಒಂದು ಡಿಮ್ಮರ್ ತಂದೆ. ಅಲ್ಲಿನ ಗಲ್ಲಿಯೊಂದರಲ್ಲಿ ಅಂಗಡಿಯವರು ಲೈಟಿನ ಡ್ರೈವರ್ ಫೋಟೋ ನೋಡಿಯೇ, "ಇದಕ್ಕೆ ಇದು ಆಗುತ್ತೆ ಸಾರ್, ಅದು ತಗೊಂಡ್ರೆ ಮಿಣಮಿಣ ಅನ್ನುತ್ತೆ" ಅಂತ ಎತ್ತಿ ಕೊಟ್ಟರು. ಹೇಳಿದ ಹಾಗೇ ಆಯಿತು. ಎತ್ತರ, ಡಿಮ್ಮರ್ ಎರಡೂ ಸೇರಿ ತಳದಲ್ಲಿ 2,100 ಲಕ್ಸ್‌ಗೆ ಇಳಿಯಿತು. 30 ಪಾರ್.

ಲೀಟರಿಗೆ ಇಷ್ಟು ವ್ಯಾಟ್ ಅನ್ನೋ ಹಳೆಯ ಲೆಕ್ಕವನ್ನು ಈಗಲೂ ಕೆಲವರು ಹೇಳುತ್ತಾರೆ. ಅದು ಟ್ಯೂಬ್‌ಲೈಟ್ ಕಾಲದ್ದು. ಎಲ್‌ಇಡಿಯಲ್ಲಿ ಅದೇ ವ್ಯಾಟಿಗೆ ಹೆಚ್ಚು ಬೆಳಕು ಬರುತ್ತೆ, ಅದೂ ಒಂದೇ ದಿಕ್ಕಿಗೆ. ಆ ಲೆಕ್ಕ ಬಿಟ್ಟುಬಿಡಿ. ಬಣ್ಣದ ವಿಷಯದಲ್ಲಿ 6,500 ಕೆಲ್ವಿನ್‌ನ ಬಿಳಿ ಬೆಳಕು ಸಾಕು. ಕೆಂಪು, ಹಸಿರು, ನೀಲಿ ಬಲ್ಬುಗಳು ಬೇರೆ ಬೇರೆ ಇರುವ ದುಬಾರಿ ಲೈಟುಗಳಲ್ಲಿ ಕೆಂಪು ಗಿಡ ಇನ್ನೂ ಕೆಂಪಾಗಿ ಕಾಣುತ್ತೆ. ಕಾಣುವುದಕ್ಕೂ ಬೆಳೆಯುವುದಕ್ಕೂ ಇರುವ ವ್ಯತ್ಯಾಸ ತಿಳಿದುಕೊಂಡು ದುಡ್ಡು ಕೊಡಿ.

ಕೆಂಪು ಗಿಡ ಅಂದಾಗ ರೊಟಾಲಾ ಮ್ಯಾಕ್ರಾಂಡ್ರಾ ನೆನಪಾಗುತ್ತೆ. ಜಗತ್ತಿನ ಎಲ್ಲ ಕಡೆಯ ತೊಟ್ಟಿಗಳಲ್ಲಿ ಅದಕ್ಕೆ ಬೆಲೆ. ಅದರ ತವರು ನಮ್ಮ ನೈಋತ್ಯ ಭಾರತವೇ. ಲಾಜೆನಾಂಡ್ರಾ, ಕೆಲವು ಕ್ರಿಪ್ಟೋಕೋರಿನ್‌ಗಳೂ ಪಶ್ಚಿಮ ಘಟ್ಟದ ಹೊಳೆ ತೊರೆಗಳವೇ. ಮರದ ನೆರಳು ಬೀಳುವ ನೀರಲ್ಲಿ ಬೆಳೆದು ಬಂದ ಗಿಡಗಳಿಗೆ ನಾವು ನೆತ್ತಿ ಮೇಲೆ ಫ್ಲಡ್‌ಲೈಟ್ ಹಚ್ಚಿದರೆ ಹೇಗೆ? ಅಂಗಡಿಯಲ್ಲಿ ಬೆಳೆಸಿ ಮಾರುವ ಗಿಡವನ್ನೇ ಕೊಳ್ಳಿ, ಘಟ್ಟದ ಹೊಳೆಯಿಂದ ಕಿತ್ತು ತರಬೇಡಿ. ಕತ್ತರಿಸಿದ ತುಂಡುಗಳನ್ನು ಕೆರೆಗೆ ಎಸೆಯಲೂ ಬೇಡಿ. ನಮ್ಮ ಕೆರೆಗಳನ್ನು ಮುಚ್ಚಿರುವ ವಾಟರ್ ಹಯಸಿಂತ್ ದಕ್ಷಿಣ ಅಮೆರಿಕದ್ದು. ಅದನ್ನೂ ಯಾರೋ ಚೆಂದಕ್ಕೆ ಅಂತಲೇ ತಂದಿದ್ದರು.

ಬೆಳಗ್ಗೆ 7ರಿಂದ 10, ಸಂಜೆ 5ರಿಂದ 9. ಒಟ್ಟು 7 ಗಂಟೆ ಬೆಳಕು. ನಡುವೆ ಬಿಡುವು ಕೊಟ್ಟರೆ ಮಣ್ಣಿನಿಂದಲೂ ಮೀನಿನ ಉಸಿರಿನಿಂದಲೂ ಬರುವ ಕಾರ್ಬನ್ ಡೈಆಕ್ಸೈಡ್ ನೀರಲ್ಲಿ ಮತ್ತೆ ಕೂಡಿಕೊಳ್ಳುತ್ತೆ. 24 ವ್ಯಾಟ್ ಲೈಟಿಗೆ ತಿಂಗಳಿಗೆ 5 ಯೂನಿಟ್ ಕರೆಂಟ್. ಟೈಮರ್ ಕೊಳ್ಳುವಾಗ ಒಳಗೆ ಬ್ಯಾಟರಿ ಇರುವ ಡಿಜಿಟಲ್ ತಗೊಳ್ಳಿ. ಮುಳ್ಳು ತಿರುಗುವ ಟೈಮರ್ ಕರೆಂಟ್ ಹೋದಾಗಲೆಲ್ಲ ನಿಂತುಬಿಡುತ್ತೆ. ಮಳೆಗಾಲದಲ್ಲಿ ನನ್ನದು ಒಂದು ವಾರದಲ್ಲಿ ಮೂರು ಗಂಟೆ ಹಿಂದೆ ಬಿದ್ದಿತ್ತು. ರಾತ್ರಿ 12ರವರೆಗೆ ಲೈಟು ಉರಿಯುತ್ತಿತ್ತು.

ಹೊಸ ಮಣ್ಣಿನಲ್ಲಿ ಕ್ರಿಪ್ಟೋಕೋರಿನ್ ನಾಟಿ ಮಾಡಿದೆ, ಮೊದಲ ವಾರದಲ್ಲೇ ಅದರ ಎಲೆಗಳು ಕರಗಿಹೋದವು. ಕರಗೋದು ಅಂದರೆ ನಿಜವಾಗಿಯೂ ಕರಗೋದೇ. ಬೆರಳಿಂದ ಮುಟ್ಟಿದರೆ ಲೋಳೆ. ಜಾಗ ಬದಲಾದಾಗ ಈ ಗಿಡ ಹೀಗೇ ಮಾಡುತ್ತೆ ಅಂತ ಓದಿದ್ದೆ, ಆದರೂ ಹೊಟ್ಟೆ ಕಲಸಿದ ಹಾಗಾಯಿತು. ಅಪ್ಪನಿಗೆ ಫೋನ್ ಮಾಡಿದೆ. "ನಾಟಿ ಹಾಕಿದ ಮೇಲೆ ಪೈರು ಬಾಡೇ ಬಾಡುತ್ತೆ. ಬೇರು ಹಿಡೀಲಿ ಬಿಡು. ಕಿತ್ತು ಕಿತ್ತು ನೋಡಬೇಡ" ಅಂದರು. ಬಿಟ್ಟೆ. ಮೂರನೇ ವಾರ ಮರಳಿನಿಂದ ಸೂಜಿಯಂಥ ಕಂದು ಮೊನೆ ಎದ್ದಿತು. ಆರನೇ ವಾರ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಹನ್ನೆರಡು ಪುಟ್ಟ ರಾಸ್ಬೋರಾ ಮೀನು ಬಿಟ್ಟೆವು.

ಆಮೇಲೆ ಒಂದೇ ಒಂದು ಸಲ ತೊಂದರೆಯಾಯಿತು, ಡಿಸೆಂಬರಿನಲ್ಲಿ. ನೀರು ಇದ್ದಕ್ಕಿದ್ದ ಹಾಗೆ ಹಸಿರಾಯಿತು. ಲೈಟು ಅಷ್ಟೇ ಇತ್ತು, ನೀರು ಅದೇ. ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೇ ದಿನ ಬೆಳಗ್ಗೆ ಮನೆಯಲ್ಲಿದ್ದಾಗ ಗೊತ್ತಾಯಿತು. ಸೂರ್ಯ ದಕ್ಷಿಣಕ್ಕೆ ಸರಿದಿದ್ದ. ಬೇಸಿಗೆಯಲ್ಲಿ ನಮ್ಮ ದಕ್ಷಿಣದ ಕಿಟಕಿಗೆ ಬಿಸಿಲೇ ಬರೋದಿಲ್ಲ, ಚಳಿಗಾಲದಲ್ಲಿ ಓರೆಯಾಗಿ ಒಳಗೆ ನುಗ್ಗಿ ಸರಿಯಾಗಿ ತೊಟ್ಟಿಯ ಮೇಲೆ ಬೀಳುತ್ತೆ. ಒಂದೂವರೆ ಗಂಟೆಯ ನೇರ ಬಿಸಿಲು. ತೊಟ್ಟಿಗೆ ಮೂರು ದಿನ ಕಂಬಳಿ ಹೊದಿಸಿದೆ, ಕಿಟಕಿಗೆ ದಪ್ಪ ಪರದೆ ಹಾಕಿದೆ. ನೀರು ತಿಳಿಯಾಯಿತು. ತೊಟ್ಟಿ ಇಡುವ ಜಾಗವನ್ನು ಜೂನ್‌ನಲ್ಲಿ ನೋಡಿ ಒಪ್ಪಬೇಡಿ, ಡಿಸೆಂಬರಿನ ಬಿಸಿಲು ಎಲ್ಲಿಗೆ ಬರುತ್ತೆ ಅಂತಲೂ ಯೋಚಿಸಿ.

ಮೊನ್ನೆ ಭಾನುವಾರ ಗಾಜು ಒರೆಸುವಾಗ ಪಕ್ಕದಿಂದ ನೋಡಿದೆ. ಮಣ್ಣು ಗಾಜಿಗೆ ತಾಗಿರುವ ಆ ಕಡೆ. ಒಂದು ಕಾಲದ ಕೆಮ್ಮಣ್ಣು ಈಗ ಬೂದು ಬಣ್ಣಕ್ಕೆ ತಿರುಗಿದೆ. ನೀರಡಿಯಲ್ಲಿ ಗಾಳಿಯಿಲ್ಲದೆ ಮಣ್ಣಿನ ಕಬ್ಬಿಣ ಬೇರೆ ರೂಪಕ್ಕೆ ಇಳಿದಾಗ ಹಾಗಾಗುತ್ತೆ, ಆ ರೂಪದಲ್ಲೇ ಅದು ಬೇರಿಗೆ ಸುಲಭವಾಗಿ ಸಿಗೋದು. ಬೂದು ಮಣ್ಣಿನ ನಡುವೆ ಕ್ರಿಪ್ಟೋಕೋರಿನ್‌ನ ಒಂದು ಬೇರು ಗಾಜಿಗೆ ಒತ್ತಿಕೊಂಡು ಇಳಿದಿತ್ತು. ಅದರ ಎರಡೂ ಪಕ್ಕ ಕೂದಲೆಳೆಯಷ್ಟು ಅಗಲಕ್ಕೆ ತುಕ್ಕಿನ ಬಣ್ಣದ ಗೆರೆ. ಎಲೆಯಲ್ಲಿ ಹುಟ್ಟಿದ ಆಮ್ಲಜನಕವನ್ನು ಗಿಡ ಬೇರಿನವರೆಗೆ ಇಳಿಸಿ ಸುತ್ತಲ ಮಣ್ಣಿಗೆ ಬಿಟ್ಟಿದೆ, ಅಲ್ಲಿ ಮಾತ್ರ ಕಬ್ಬಿಣ ಮತ್ತೆ ಕೆಂಪಾಗಿದೆ.

ವಿಡಿಯೋ ಕಾಲ್ ಮಾಡಿ ಫೋನನ್ನು ಗಾಜಿಗೆ ಹಿಡಿದೆ. ಅಪ್ಪ ಕನ್ನಡಕ ಹಾಕಿಕೊಂಡು ಬಂದರು. ಬಹಳ ಹೊತ್ತು ನೋಡಿದರು.

"ಗದ್ದೆಲಿ ಭತ್ತದ ಬೇರು ಕಿತ್ತರೆ ಹಿಂಗೇ ಇರುತ್ತೆ ಕಣಪ್ಪಾ. ಕೆಂಪಗೆ" ಅಂದರು. ಆಮೇಲೆ, "ಬೇರು ಹಿಡಿದಿದೆ. ಇನ್ನು ಬೇಕಾದ್ರೆ ಬಿಸಿಲು ಕೊಡು" ಅಂದರು.

ಸಂಜೆ ಲೈಟನ್ನು ಎರಡು ಇಂಚು ಕೆಳಗೆ ಇಳಿಸಿದ್ದೇನೆ. ಇನ್ನು ಎರಡು ವಾರ ಏನನ್ನೂ ಮುಟ್ಟುವುದಿಲ್ಲ.